ತಕ್ಕಡಿಯಕ್ಕನ ಅತ್ತೆ

ಅತ್ತೆಯ ಜೊತೆ ಸಂತೆಗೆ ಹೋಗುವುದೆಂದರೆ ತಕ್ಕಡಿಯಕ್ಕನಿಗೆ ಅರ್ಧ ಹೆಮ್ಮೆ, ಅರ್ಧ ನಾಚಿಕೆ. ಬೇರೆಯವರು ತರಕಾರಿ ನೋಡಿ ಕೊಂಡರೆ ಅತ್ತೆ ಮಾರುವವನ ಕೈ ನೋಡಿ ಕೊಳ್ಳುತ್ತಿದ್ದರು. ಬದನೆಕಾಯಿಯಲ್ಲಿ ಹುಳ ಇದೆಯೋ ಇಲ್ಲವೋ ಎಂಬುದೆಲ್ಲ ಸೊಸೆಯ ಪಾಲಿನ ಕೆಲಸ. ಅತ್ತೆಯ ಕಣ್ಣು ತಕ್ಕಡಿಯ ತಟ್ಟೆ ಬಿಟ್ಟು ಅತ್ತಿತ್ತ ಸರಿಯುತ್ತಿರಲಿಲ್ಲ.

"ಏನಪ್ಪಾ, ಬದನೆಕಾಯಿ ಜೊತೆ ನಿನ್ನ ಹೆಬ್ಬೆರಳನ್ನೂ ತೂಗ್ತಿದೀಯಲ್ಲ," ಎಂದು ಅವರು ಆ ದಿನವೂ ಶುರುಮಾಡಿದರು. "ಕೊಡೋದಾದ್ರೆ ಅದನ್ನೂ ಕೊಯ್ದು ಚೀಲಕ್ಕೆ ಹಾಕು. ಬೇಯಿಸ್ಕೊಂಡು ತಿಂತೀನಿ."

ತರಕಾರಿಯವನು ಬಿಸಿ ತಾಗಿದವನಂತೆ ಬೆರಳು ಎಳೆದುಕೊಂಡ. ಸುತ್ತ ನಿಂತಿದ್ದವರು ನಕ್ಕರು.

"ದೊಡ್ಡಮ್ಮಾ, ನಿಮ್ಮ ಸೊಸೆಗೆ ತೂಗೋದೇ ಕೆಲಸ. ಅವರೇ ಬಾಯಿ ಮುಚ್ಕೊಂಡು ನಿಂತಿದಾರೆ, ನಿಮ್ಮದೇ ಕಾಟ ನೋಡಿ."

"ಅವಳು ತೂಗೋದು ಮಕ್ಕಳನ್ನ ಕಣೋ. ಮಕ್ಕಳ ತೂಕದಲ್ಲಿ ಯಾರಾದ್ರೂ ಮೋಸ ಮಾಡ್ತಾರಾ? ಇನ್ನೊಂದು ಬದನೆಕಾಯಿ ಹಾಕು."

ತರಕಾರಿಯವನು ಹೇಳಿದ್ದು ಸುಳ್ಳಲ್ಲ. ತೂಗುವುದು ಅವಳ ಕೆಲಸವೇ ಆಗಿತ್ತು. ಸುತ್ತಲಿನ ಹಳ್ಳಿಗಳ ಮಕ್ಕಳು ಅವಳಿಗೆ ತಕ್ಕಡಿಯಕ್ಕ ಎಂದು ಹೆಸರಿಟ್ಟಿದ್ದರು. ಅವಳ ಜೀಪು ಯಾವ ಊರಿನ ತಿರುವಿನಲ್ಲಿ ಕಾಣಿಸಿಕೊಂಡರೂ, ಹಿಂದೆ ಹಿಟ್ಟಿನ ಮೂಟೆಗಳ ಮೇಲೆ ಗಡಿಯಾರದಂಥ ಮುಖದ ತಕ್ಕಡಿಯೊಂದು ರಾಜನ ಹಾಗೆ ಕೂತಿರುತ್ತಿತ್ತು. ಜೀಪಿನ ಪಕ್ಕಕ್ಕೆ 'ಗ್ರಾಮೀಣ ಆಹಾರ ಭದ್ರತೆ ಮತ್ತು ಪೌಷ್ಟಿಕತೆ ಯೋಜನೆ' ಎಂದು ಬರೆಸಿದ್ದರು. ಹೆಸರು ಎಷ್ಟು ಉದ್ದವಿತ್ತೆಂದರೆ ಎರಡು ಬಾಗಿಲಿಗೂ ಹಬ್ಬಿತ್ತು. ಮುಂದಿನ ಬಾಗಿಲು ತೆರೆದರೆ ಬರೀ ಪೌಷ್ಟಿಕತೆ ಯೋಜನೆ ಉಳಿಯುತ್ತಿತ್ತು.

ಆ ಯೋಜನೆಯ ಮುಖ್ಯಸ್ಥೆ ಅವಳು. ಸುಗ್ಗಿಯಲ್ಲಿ ಮನೆ ಮನೆಯಿಂದ ಒಂದಿಷ್ಟು ಕಾಳು ಕೂಡಿಸಿ ಉಗ್ರಾಣದಲ್ಲಿಟ್ಟು, ಮಡಕೆಗಳ ತಳ ಕಾಣುವ ತಿಂಗಳುಗಳಲ್ಲಿ ಅದೇ ಮನೆಗಳಿಗೆ ಹಿಂತಿರುಗಿಸುವುದು ಒಂದು ಕೆಲಸ. ಹಿತ್ತಿಲಿಗೆ ಸೊಪ್ಪಿನ ಬೀಜ, ಕೋಳಿಮರಿ ಹಂಚುವುದು ಇನ್ನೊಂದು. ಎಲ್ಲಕ್ಕಿಂತ ದೊಡ್ಡದೆಂದರೆ ಸಣಕಲು ಮಕ್ಕಳಿಗೆ ಪುಷ್ಟಿ ಹಿಟ್ಟು ಕೊಡುವುದು. ಕಾಳು, ಬೇಳೆ, ಕಡಲೆಕಾಯಿ ಹುರಿದು ಬೀಸಿದ ಹಿಟ್ಟು ಅದು. ಗಂಜಿ ಕಾಯಿಸಿ ಕುಡಿಸಬೇಕು. ತಿಂಗಳಿಗೊಮ್ಮೆ ಮಕ್ಕಳನ್ನು ತೂಗಿ, ಮೈ ಹಿಡಿಯುತ್ತಿದೆಯೇ ನೋಡಬೇಕು.

ಅವಳು ಮಾತಿಗೆ ಹೆದರುವ ಹೆಂಗಸಲ್ಲ. ಹಳ್ಳಿಯ ಯಜಮಾನರ ಸಭೆಯಲ್ಲಿ ಎದ್ದು ನಿಂತು, "ನಿಮ್ಮ ಎತ್ತಿಗೆ ಹಾಕೋ ಹಿಂಡಿ ಲೆಕ್ಕ ನಿಮಗೆ ಗೊತ್ತು, ಮಗ ಬೆಳಿಗ್ಗೆ ಏನು ತಿಂದ ಅಂತ ಹೇಳಿ ನೋಡೋಣ" ಎಂದು ಕೇಳಿ ಎಲ್ಲರೂ ನೆಲ ನೋಡುವಂತೆ ಮಾಡಿದ್ದಳು. ಆದರೆ ಅತ್ತೆಯ ಎದುರು ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಅತ್ತೆ ಬೈಯುವವರೆಂದಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಹಾಲು ಉಕ್ಕಿಸಿ ಒಲೆಯನ್ನೇ ಆರಿಸಿದಾಗ, "ಇರಲಿ ಬಿಡು, ಒಲೆಗೂ ಹಸಿವಾಗಿತ್ತು" ಎಂದು ನಕ್ಕಿದ್ದರು. ಬೈದವರಿಗೆ ತಿರುಗಿ ಹೇಳಬಹುದು. ನಕ್ಕವರಿಗೆ ಏನು ಹೇಳುವುದು?

ಸಂತೆಯಿಂದ ಬರುವಾಗ ದಾರಿಯುದ್ದಕ್ಕೂ ಅತ್ತೆಯೇ ಮಾತಾಡಿದರು. ಸೊಸೆ ಹೂಂಗುಟ್ಟುತ್ತ ಬಂದಳು. ಅವಳ ತಲೆಯಲ್ಲಿ ಬೇರೆಯೇ ಒಂದು ಹುಳ ಕೊರೆಯುತ್ತಿತ್ತು. ಎಲ್ಲ ಹಳ್ಳಿಗಳಲ್ಲೂ ಮಕ್ಕಳ ತೂಕ ಏರುತ್ತಿತ್ತು. ಅವಳು ವಾಸವಿದ್ದ ಊರಿನಲ್ಲಿ ಮಾತ್ರ ಕಲ್ಲು ಕೂತ ಹಾಗೆ ಕೂತಿತ್ತು. ಮೊದಲ ತಿಂಗಳು ಎಷ್ಟಿತ್ತೋ ಆಮೇಲೂ ಅಷ್ಟೇ. ಕೆಲವು ಮಕ್ಕಳದ್ದು ಇಳಿದೂ ಇತ್ತು. ಮುಖ್ಯ ಕಚೇರಿಯಿಂದ ಫೋನು ಬಂದಿತ್ತು. ಬೆಳೆಯದ ಕಡೆ ಹಿಟ್ಟು ಸುರಿಯಲು ಆಗುವುದಿಲ್ಲ, ಮುಂದಿನ ತೂಕಕ್ಕೆ ಸಾಹೇಬರೇ ಬರುತ್ತಾರೆ, ಆಗಲೂ ಹೀಗೇ ಇದ್ದರೆ ಆ ಊರಿನ ಕೇಂದ್ರ ಮುಚ್ಚಿ ಹಿಟ್ಟು ಬೇರೆ ಊರಿಗೆ ಹೋಗುತ್ತದೆ. ಫೋನಿನಲ್ಲಿ ಇನ್ನೂ ಒಂದು ಮಾತು ಸೇರಿಸಿದ್ದರು: "ಉಗ್ರಾಣದವನ ಮೇಲೂ ಒಂದು ಕಣ್ಣಿಡಿ."

ಆ ಒಂದು ಮಾತು ಹೇಗೋ ಉಗ್ರಾಣದವನ ಕಿವಿಗೆ ಬಿದ್ದಿತ್ತು. ಅವನು ದಪ್ಪ ಮೀಸೆಯ, ದಪ್ಪ ಹೊಟ್ಟೆಯ ಮನುಷ್ಯ. ಬೀಗದ ಕೈಗಳನ್ನು ಸೊಂಟಕ್ಕೆ ಕಟ್ಟಿಕೊಂಡು ನಡೆದರೆ ಜೋಡು ಎತ್ತು ಬಂದಂತೆ ಸದ್ದಾಗುತ್ತಿತ್ತು. ಮರುದಿನ ಅವನು ಆ ಗೊಂಚಲನ್ನು ಬಿಚ್ಚಿ ತಕ್ಕಡಿಯಕ್ಕನ ಮೇಜಿನ ಮೇಲೆ ಇಟ್ಟುಬಿಟ್ಟ.

"ತಗೋಳಿ ಅಕ್ಕ. ಈ ಹೊಟ್ಟೆ ನಮ್ಮಪ್ಪ ಕೊಟ್ಟಿದ್ದು, ನಿಮ್ಮ ಹಿಟ್ಟು ಕೊಟ್ಟಿದ್ದಲ್ಲ."

"ಅಯ್ಯೋ ಮಾರಾಯ, ನಿನ್ನನ್ನ ಯಾರು ಏನಂದ್ರು?"

"ಯಾರೂ ಏನೂ ಅನ್ನಲ್ಲ. ಎಲ್ಲರೂ ನನ್ನ ಹೊಟ್ಟೆ ನೋಡ್ತಾರೆ."

ಅವಳು ಸಮಾಧಾನ ಹೇಳಿ ಬೀಗದ ಕೈ ವಾಪಸು ಕೊಟ್ಟಳು. ಅವನು ತೆಗೆದುಕೊಂಡ, ಆದರೆ ಸೊಂಟಕ್ಕೆ ಕಟ್ಟಲಿಲ್ಲ. ಜೇಬಿನಲ್ಲಿ ಹಾಕಿಕೊಂಡು ಸದ್ದಿಲ್ಲದೆ ಓಡಾಡತೊಡಗಿದ. ಅದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಆ ವಾರವೆಲ್ಲ ಅವಳು ಊರಿನ ಮನೆ ಮನೆ ಹೊಕ್ಕಳು. ಗಂಜಿಯ ಪಾತ್ರೆಯಲ್ಲಿ ಬೆರಳದ್ದಿ ನೆಕ್ಕಿದಳು. ಮೇಕೆಯ ಬಾನಿಗೆ ಮೂಗು ಹಾಕಿ, ಹಿಟ್ಟಿನ ವಾಸನೆ ಇದೆಯೇ ಎಂದು ಮೂಸಿದಳು. ಮೇಕೆಯೊಂದು ಅವಳ ಚೀಲದ ದಾರ ಅಗಿದದ್ದೇ ಲಾಭ. ಎಲ್ಲ ಮನೆಯಲ್ಲೂ ಗಂಜಿ ಮಕ್ಕಳ ಹೊಟ್ಟೆಗೇ ಹೋಗುತ್ತಿತ್ತು. ಕೆಲವು ಮಕ್ಕಳು ಅವಳ ಕಣ್ಣೆದುರೇ ಬಟ್ಟಲು ನೆಕ್ಕಿ, ಇನ್ನೂ ಬೇಕೆಂದು ನೆಲಕ್ಕೆ ಕುಟ್ಟಿದವು. ಹಾಗಾದರೆ ತಿಂದದ್ದು ಎಲ್ಲಿ ಹೋಗುತ್ತಿದೆ?

ಬೀದಿಯ ತುದಿಯಲ್ಲಿ ದರ್ಜಿ ತನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಪುಟ್ಟ ಅಂಗಿಯೊಂದರ ಹೊಲಿಗೆ ಬಿಚ್ಚುತ್ತಿದ್ದ.

"ಏನಕ್ಕ, ನಿಮ್ಮಿಂದ ನನಗೆ ಇದೇ ಕೆಲಸ ಆಗೋಯ್ತು," ಎಂದ ಅವನು. "ಹೊಸ ಬಟ್ಟೆ ಹೊಲಿಸೋರು ಯಾರೂ ಇಲ್ಲ. ಬರೀ ಹಳೇದು ತಂದು, ಕಂಕುಳಲ್ಲಿ ಬಿಗಿ ಆಗ್ತಿದೆ, ಸ್ವಲ್ಪ ಬಿಚ್ಚಿ ಕೊಡು ಅಂತಾರೆ."

"ಯಾರ ಬಟ್ಟೆ?"

"ನಿಮ್ಮ ಗಂಜಿ ಗಿರಾಕಿಗಳದ್ದೇ."

ಅವಳು ಆ ಅಂಗಿಯನ್ನು ಕೈಗೆ ತೆಗೆದುಕೊಂಡು ಎರಡು ಸಲ ತಿರುಗಿಸಿ ನೋಡಿದಳು. ಮಗುವಿಗೆ ಅಂಗಿ ಬಿಗಿಯಾಗಿದೆ, ತಕ್ಕಡಿಯಲ್ಲಿ ಮಗು ಬೆಳೆದಿಲ್ಲ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ. ದರ್ಜಿಯ ಅಂಗಿಗೆ ಸುಳ್ಳು ಹೇಳಿ ಆಗಬೇಕಾದದ್ದೇನೂ ಇರಲಿಲ್ಲ.

ಅವಳು ಅಲ್ಲಿಂದ ನೇರವಾಗಿ ಕೇಂದ್ರಕ್ಕೆ ಹೋದಳು. ಕೇಂದ್ರವೆಂದರೆ ಉಗ್ರಾಣದ ಪಕ್ಕದ ಒಂದೇ ಕೋಣೆ. ಸುಣ್ಣ ಬಳಿದ ಗೋಡೆ, ಅಡ್ಡ ತೊಲೆ, ತೊಲೆಗೊಂದು ಕೊಕ್ಕೆ, ಮೂಲೆಯಲ್ಲಿ ಗಂಜಿ ಕಾಯಿಸುವ ದೊಡ್ಡ ಪಾತ್ರೆ. ತೂಕದ ದಿನ ಕೊಕ್ಕೆಗೆ ತಕ್ಕಡಿ ನೇತುಹಾಕಿ, ಅದರ ಕೆಳಗೆ ಕ್ಯಾನ್ವಾಸಿನ ಚಡ್ಡಿಯೊಂದನ್ನು ಸಿಕ್ಕಿಸುತ್ತಿದ್ದರು. ಮಗುವನ್ನು ಆ ಚಡ್ಡಿಯೊಳಗೆ ಇಳಿಸಿದರೆ ಕಾಲು ಕೆಳಗೆ, ತಲೆ ಮೇಲೆ, ಮಗು ಗಾಳಿಯಲ್ಲಿ. ನರ್ಸಮ್ಮ ಗಿಡ್ಡ ಹೆಂಗಸು. ಅವಳು ಸ್ಟೂಲು ಹತ್ತಿ ಮುಳ್ಳು ನೋಡಿ ಹೇಳುತ್ತಿದ್ದಳು. ಆ ಹೊತ್ತಿಗೆ ತಕ್ಕಡಿಯಕ್ಕ ಹೊರಗಿನ ಜಗಲಿಯಲ್ಲಿ ತಾಯಂದಿರಿಗೆ ಗಂಜಿ ಹೇಗೆ ಕಾಯಿಸಬೇಕೆಂದು ತೋರಿಸುತ್ತಿರುತ್ತಿದ್ದಳು.

ಅವಳು ಉಗ್ರಾಣದವನಿಂದ ಹಿಟ್ಟಿನ ಪೊಟ್ಟಣಗಳನ್ನು ತರಿಸಿ ನೇತುಹಾಕಿದಳು. ಪೊಟ್ಟಣದ ಮೇಲೆ ಬರೆದಷ್ಟೇ ತೂಕ. ಅಡುಗೆಗೆಂದು ತಂದಿಟ್ಟಿದ್ದ ಕುಂಬಳಕಾಯಿ ತೂಗಿಸಿದಳು. ಅದನ್ನು ಉಗ್ರಾಣದ ದೊಡ್ಡ ತಕ್ಕಡಿಯಲ್ಲೂ ತೂಗಿ ನೋಡಿದಳು. ಎರಡೂ ಒಂದೇ ಮಾತು ಹೇಳಿದವು.

"ತಕ್ಕಡಿ ಕಳ್ಳ ಅಲ್ಲ," ಎಂದ ಉಗ್ರಾಣದವನು ಬಾಗಿಲಲ್ಲಿ ನಿಂತು. "ಇನ್ನುಳಿದವನು ನಾನೇ."

"ನೀನು ಸುಮ್ಮನಿರು. ಪಕ್ಕದ ಮನೆ ಕೂಸನ್ನ ತರಿಸು."

ಪಕ್ಕದ ಮನೆಯ ಕೂಸು ದುಂಡು ಕೆನ್ನೆಯದ್ದು, ಕಿರುಚುವುದರಲ್ಲಿ ಊರಿಗೇ ಮೊದಲು. ಚಡ್ಡಿಗೆ ಇಳಿಸುತ್ತಲೇ ತೊಲೆ ನಡುಗುವಂತೆ ಅತ್ತಿತು. ಆದರೂ ಮುಳ್ಳು ಅಲ್ಲಾಡುತ್ತ ಅಲ್ಲಾಡುತ್ತ ಎಲ್ಲಿಗೆ ಬಂದು ನಿಂತಿತೆಂದರೆ, ತಕ್ಕಡಿಯಕ್ಕ ಕಣ್ಣು ಉಜ್ಜಿಕೊಂಡು ಇನ್ನೊಮ್ಮೆ ನೋಡಿದಳು. ಹೋದ ಸಲಕ್ಕಿಂತ ಎಷ್ಟೋ ಮೇಲೆ! ಅವಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಅಷ್ಟರಲ್ಲಿ ಅಳು ಕೇಳಿ ಅತ್ತೆ ಓಡಿ ಬಂದರು. ಮನೆ ಎರಡೇ ಹೆಜ್ಜೆ ಆಚೆ ಇತ್ತು.

"ಏನೇ ಇದು, ಕೂಸನ್ನ ಬಾವಿಗೆ ಬಿಟ್ಟ ಬಿಂದಿಗೆ ಹಾಗೆ ಜೋತಾಡಿಸ್ತಿದೀಯ!" ಎನ್ನುತ್ತ ಅವರು ತಮ್ಮ ಕಂದು ಶಾಲನ್ನು ಮಗುವಿನ ಸುತ್ತ ಹೊದಿಸಿ ಹತ್ತಿರ ನಿಂತರು. "ಬಂದೆ ಕಂದಾ, ಬಂದೆ. ಯಾರು ನಿನ್ನ ಗಾಳಿಗೆ ತೂರಿದ್ದು?"

ಮಗು ತಟ್ಟನೆ ಅಳು ನಿಲ್ಲಿಸಿತು. ಮುಳ್ಳು ಜರ್ರನೆ ಕೆಳಗಿಳಿಯಿತು. ನೋಡನೋಡುತ್ತ ಆ ದುಂಡು ಕೆನ್ನೆಯ ಕೂಸು ಅರ್ಧ ಕರಗಿಹೋದಂತಾಯಿತು.

ತಕ್ಕಡಿಯಕ್ಕ ಮುಳ್ಳು ನೋಡಿದಳು. ಅತ್ತೆಯ ಶಾಲು ನೋಡಿದಳು. ಶಾಲಿನ ಕೆಳಗೆ, ಕ್ಯಾನ್ವಾಸು ಚಡ್ಡಿಯ ಬುಡಕ್ಕೆ, ಅತ್ತೆಯ ಅಗಲವಾದ ಅಂಗೈ ಆನಿಸಿಕೊಂಡು ನಿಂತಿತ್ತು. ಬಿಸಿ ರೊಟ್ಟಿ ಹಿಡಿಯುವಷ್ಟು ಹಗುರವಾಗಿ, ಆದರೆ ಗಟ್ಟಿಯಾಗಿ.

ಅವಳು ಬೆರಳು ಮಡಚಿ ಕಳೆದ ತೂಕಗಳನ್ನೆಲ್ಲ ಎಣಿಸಿದಳು.

ಮಾವ ತೀರಿಕೊಂಡ ಮೇಲೆ ಅತ್ತೆ ಮೂಲೆ ಹಿಡಿದು ಕೂತುಬಿಟ್ಟಿದ್ದರು. ಸಂತೆಗೂ ಬರುತ್ತಿರಲಿಲ್ಲ. ತರಕಾರಿಯವನು ಹೆಬ್ಬೆರಳಲ್ಲ, ಮೊಣಕೈಯನ್ನೇ ಇಟ್ಟು ತೂಗಿದರೂ ಕೇಳುವವರಿರಲಿಲ್ಲ. ಕೇಂದ್ರ ಶುರುವಾಗಿ ಮೊದಲ ತೂಕ ಮುಗಿದ ಮೇಲೆ, "ಸುಮ್ಮನೆ ಬನ್ನಿ ಅತ್ತೆ, ಮಕ್ಕಳು ತುಂಬಾ ಅಳ್ತವೆ, ನಿಮ್ಮ ಕೈಗೆ ಸುಮ್ಮನಾಗ್ತವೆ" ಎಂದು ಒತ್ತಾಯ ಮಾಡಿ ಕರೆತಂದವಳು ಇವಳೇ. ಅಂದಿನಿಂದ ಅತ್ತೆ ಮತ್ತೆ ಅತ್ತೆಯಾದರು. ತೂಕದ ದಿನ ಬೆಳಿಗ್ಗೆಯೇ ತಲೆ ಬಾಚಿ, ಶಾಲು ಕೊಡವಿ, ಎಲ್ಲರಿಗಿಂತ ಮೊದಲು ಹಾಜರು. ಮಕ್ಕಳನ್ನು ಚಡ್ಡಿಗೆ ಇಳಿಸುವವರೂ ಅವರೇ, ತೆಗೆಯುವವರೂ ಅವರೇ. ನಡುವೆ ಕೈ ಬಿಟ್ಟರೆ ಮಗು ಹೆದರುವುದಿಲ್ಲವೇ? ಸ್ಟೂಲಿನ ಮೇಲಿದ್ದ ನರ್ಸಮ್ಮನಿಗೆ ಮುಳ್ಳು ಕಾಣುತ್ತಿತ್ತು, ಅತ್ತೆಯ ನೆತ್ತಿ ಕಾಣುತ್ತಿತ್ತು, ಅಂಗೈ ಹೇಗೆ ಕಾಣಬೇಕು?

ಮಕ್ಕಳು ಬೆಳೆದಷ್ಟೂ ಅತ್ತೆಯ ಅಂಗೈ ಎತ್ತಿ ಹಿಡಿದಿತ್ತು.

"ಏನೇ, ಬಾಯಿ ಬಿಟ್ಕೊಂಡು ನಿಂತಿದೀಯ? ಬರ್ಕೋ, ಬರ್ಕೋ. ಕೂಸಿಗೆ ಚಳಿ ಆಗುತ್ತೆ," ಎಂದರು ಅತ್ತೆ.

"ಹೂಂ ಅತ್ತೆ," ಎಂದಳು ತಕ್ಕಡಿಯಕ್ಕ.

ಸಂಜೆ ಅವಳು ಗಂಡನನ್ನು ಹಿಡಿದಳು. ಅವನು ಬಡಗಿ. ಮನೆಯ ಹಿಂದಿನ ಚಪ್ಪರದಲ್ಲಿ ಕುರ್ಚಿಯೊಂದಕ್ಕೆ ಕಾಲು ಜೋಡಿಸುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಗ್ತೀರಲ್ಲ! ನಾಡಿದ್ದು ಸಾಹೇಬರು ಬರ್ತಾರೆ. ಅತ್ತೆ ಕೈ ತೆಗೀದಿದ್ರೆ ಕೇಂದ್ರ ಮುಚ್ಚುತ್ತೆ. ಉಗ್ರಾಣದವನು ಆಗ್ಲೇ ಮುಖ ಊದಿಸ್ಕೊಂಡಿದಾನೆ. ರೀ, ನೀವೇ ಒಂದು ಮಾತು ಹೇಳಿ."

ಅವನ ನಗು ಅಲ್ಲೇ ನಿಂತಿತು. "ನಾನಾ? ನಮ್ಮಮ್ಮಂಗಾ? ಬೇರೆ ಏನಾದ್ರೂ ಕೆಲಸ ಇದ್ರೆ ಹೇಳು ಮಾರಾಯ್ತಿ. ಬಾವಿ ತೋಡು ಅನ್ನು, ತೋಡ್ತೀನಿ."

"ನಿಮ್ಮ ತಾಯಿ ಅಲ್ವಾ?"

"ನಿನ್ನ ಯೋಜನೆ ಅಲ್ವಾ? ಆ ಜೀಪಿನ ಬಾಗಿಲ ಮೇಲೆ ನನ್ನ ಹೆಸರಿದ್ಯಾ?" ಅವನು ಕುರ್ಚಿಯ ಕಾಲಿಗೆ ಮೊಳೆ ಹೊಡೆಯುವುದರಲ್ಲಿ ಮುಳುಗಿದ. ಎರಡು ಮೊಳೆ ಮುಗಿಸಿ, ತಲೆ ಎತ್ತದೆ ಹೇಳಿದ: "ನೋಡ್ಕೊಂಡು ಹೇಳು. ಅಮ್ಮ ಇನ್ನೊಂದ್ಸಲ ಆ ಮೂಲೇಲಿ ಕೂತ್ರೆ ನನ್ನ ಕೈಲಿ ನೋಡಕ್ಕಾಗಲ್ಲ."

ಅವಳಿಗೂ ಅದೇ ಭಯ. ಆದ್ದರಿಂದ ಅವಳು ಊಟದ ಹೊತ್ತಿಗೆ ಬಳಸು ದಾರಿ ಹಿಡಿದಳು.

"ಅತ್ತೆ, ನಾಡಿದ್ದು ಸಾಹೇಬರಿಗೆ ಚಹಾ ಕೊಡೋಕೆ ಯಾರಾದ್ರೂ ಬೇಕು. ನಿಮ್ಮ ಕೈ ಚಹಾ ಅಂದ್ರೆ..."

"ಚಹಾ ಇವನು ಮಾಡ್ತಾನೆ," ಅತ್ತೆ ಮಗನತ್ತ ಕೈ ತೋರಿಸಿದರು. "ನಾನು ಮಕ್ಕಳ ಹತ್ರ ಇರಬೇಡ್ವಾ?"

"ಅಲ್ಲ, ನಿಮ್ಮ ತಂಗಿ ಮನೆಗೆ ಹೋಗದೆ ಬಹಳ ದಿನ ಆಯ್ತು. ಒಂದೆರಡು ದಿನ..."

"ಸಾಹೇಬರು ಬರೋ ದಿನವೇ? ಏನೇ, ನಿನ್ನ ತಲೆ ನೆಟ್ಟಗಿದ್ಯಾ?" ಅತ್ತೆ ಅವಳ ಹಣೆ ಮುಟ್ಟಿ ನೋಡಿದರು. "ಬಿಸಿ ಏನೂ ಇಲ್ಲ. ನೋಡು, ನೀನೇನೂ ಹೆದರ್ಕೋಬೇಡ. ಮಕ್ಕಳ ಅಳು ಒಂದು ಚೂರೂ ಸಾಹೇಬರ ಕಿವಿಗೆ ಬೀಳದ ಹಾಗೆ ನೋಡ್ಕೋತೀನಿ. ನಿನ್ನ ಮರ್ಯಾದೆ ನನ್ನ ಕೈಲಿದೆ."

ಬಡಗಿಗೆ ಅನ್ನ ನೆತ್ತಿಗೇರಿ ಕೆಮ್ಮು ಬಂತು. ಅವನು ನೀರು ಕುಡಿಯುವ ನೆಪದಲ್ಲಿ ಎದ್ದು ಹೊರಗೆ ಹೋದ.

ತೂಕದ ದಿನ ತಕ್ಕಡಿಯಕ್ಕ ಎಲ್ಲರಿಗಿಂತ ಮೊದಲು ಕೇಂದ್ರಕ್ಕೆ ಬಂದಳು. ಕಿಟಕಿ ತೆರೆದಳು. ತಕ್ಕಡಿ ನೇತುಹಾಕಿದಳು. ಏನು ಹೇಳಬೇಕು, ಎಲ್ಲಿಂದ ಶುರುಮಾಡಬೇಕು ಎಂದು ಗೋಡೆಗೆ ಹೇಳಿ ಅಭ್ಯಾಸ ಮಾಡಿದಳು. 'ಅತ್ತೆ, ತಪ್ಪು ತಿಳ್ಕೋಬೇಡಿ' ಎಂದು ಶುರುಮಾಡಿದ್ದೆಲ್ಲ ತಪ್ಪಾಗಿಯೇ ಕೇಳಿಸುತ್ತಿತ್ತು. ಕಡೆಗೆ ಮಾತಿನ ಆಸೆ ಬಿಟ್ಟು, ಮೊನ್ನೆಯ ಕುಂಬಳಕಾಯಿಯನ್ನು ತಂದು ಚಡ್ಡಿಯೊಳಗೆ ಕೂರಿಸಿದಳು. ಆಚೆ ಅತ್ತೆಯ ಚಪ್ಪಲಿಯ ಸದ್ದಾಯಿತು. ಅವಳು ಕುಂಬಳಕಾಯಿಯ ಕೆಳಗೆ ತನ್ನ ಅಂಗೈ ಆನಿಸಿ ನಿಂತಳು.

ಅತ್ತೆ ಪೊರಕೆ ಹಿಡಿದು ಒಳಗೆ ಬಂದವರು, ಬಾಗಿಲಲ್ಲೇ ನಿಂತರು. ಸಂತೆಯ ಕಣ್ಣು ಅದು, ಎಲ್ಲಿದ್ದರೂ ಸಂತೆಯ ಕಣ್ಣೇ.

"ಏಯ್, ಕೈ ತೆಗಿಯೇ! ಕೆಳಗೆ ಕೈ ಕೊಟ್ರೆ ತೂಕ ಎಲ್ಲಿ ಸರಿ ಬರುತ್ತೆ? ಇಷ್ಟು ವರ್ಷದಿಂದ ತೂಗ್ತಿದೀಯ, ಅಷ್ಟೂ..."

ಮಾತು ಅರ್ಧಕ್ಕೆ ನಿಂತಿತು.

ತಕ್ಕಡಿಯಕ್ಕ ಕೈ ತೆಗೆದಳು. ಮುಳ್ಳು ಸರ್ರನೆ ಮೇಲೇರಿತು. ಅವಳು ಅತ್ತೆಯ ಮುಖ ನೋಡಲಾರದೆ ಕುಂಬಳಕಾಯಿಯನ್ನೇ ನೋಡುತ್ತ ನಿಂತಳು. ಹೊರಗೆ ಉಗ್ರಾಣದವನು ಯಾರಿಗೋ ಮೂಟೆ ಸರಿಸಲು ಹೇಳುತ್ತಿದ್ದ.

ಅತ್ತೆ ಪೊರಕೆಯನ್ನು ಗೋಡೆಗೆ ಒರಗಿಸಿದರು. ತಮ್ಮ ಬಲಗೈಯನ್ನು ಮೇಲೆತ್ತಿ, ಅಂಗೈ ತಿರುಗಿಸಿ, ಯಾರದೋ ಕೈ ನೋಡುವ ಹಾಗೆ ನೋಡಿದರು.

"ನಾನೇನೇ?" ಎಂದರು ಮೆಲ್ಲಗೆ.

"ಹೂಂ ಅತ್ತೆ."

"ಎಲ್ಲಾ ಮಕ್ಕಳದ್ದೂ?"

"ಹೂಂ."

ಅತ್ತೆ ಸ್ಟೂಲಿನ ಮೇಲೆ ಕುಸಿದು ಕೂತರು. ಅವರ ಭುಜ ಅಲುಗತೊಡಗಿತು. ಸೊಸೆ ಹತ್ತಿರ ಹೋಗಿ ಭುಜ ಹಿಡಿದಳು. ಆಮೇಲೆ ನೋಡಿದರೆ ಅತ್ತೆ ಅಳುತ್ತಿರಲಿಲ್ಲ. ನಗುತ್ತಿದ್ದರು. ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂದಿತ್ತು, ಅದು ಯಾವ ನೀರೆಂದು ಹೇಳುವುದು ಕಷ್ಟ.

"ತರಕಾರಿಯವನಿಗೆ ಹೇಳ್ಬೇಡ ಕಣೇ," ಎಂದರು ಶಾಲಿನಲ್ಲಿ ಮುಖ ಒರೆಸಿಕೊಂಡು. "ಅವನು ನನ್ನ ಬದುಕೋಕೆ ಬಿಡಲ್ಲ." ಮತ್ತೆ ದನಿ ಇಳಿಯಿತು. "ಎಷ್ಟು ದಿನದಿಂದ ಗೊತ್ತು ನಿನಗೆ?"

"ಮೊನ್ನೆಯಿಂದ."

"ಮೊನ್ನೆಯಿಂದ ನಾಲಿಗೆ ಎಲ್ಲಿಟ್ಟಿದ್ದೆ? ತಂಗಿ ಮನೆಗೆ ಹೋಗಿ ಅಂತೆ! ಊರಿನ ಗಂಡಸರಿಗೆಲ್ಲ ಪಾಠ ಹೇಳ್ತೀಯ, ನನಗೆ ಒಂದು ಮಾತು ಹೇಳೋಕೆ ಕುಂಬಳಕಾಯಿ ಬೇಕಾಯ್ತಾ?"

"ನೀವು ಬರೋದು ಬಿಟ್ಬಿಟ್ರೆ ಅಂತ ಭಯ ಆಯ್ತು."

ಅತ್ತೆ ಸೊಸೆಯನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಬಿಡ್ತೀನಾ? ಕಮ್ಮಿ ತೂಗಿದ್ದನ್ನ ಸರಿಮಾಡಿ ಕೊಡದೆ ಬಿಡ್ತೀನಾ? ಏಳು, ನೆಲ ಗುಡಿಸೋಣ."

ಸಾಹೇಬರು ಬಂದಾಗ ಜಗಲಿಯ ತುಂಬ ತಾಯಂದಿರು, ಮಕ್ಕಳು. ಸಾಹೇಬರು ಉದ್ದಕ್ಕೆ, ಸಣ್ಣಕ್ಕೆ, ಗಾಳಿ ಬಂದರೆ ಬಾಗುವ ಹಾಗಿದ್ದರು. ಮುಖದಲ್ಲಿ ನಗುವಿನ ಗುರುತೇ ಇರಲಿಲ್ಲ. "ಮೊದಲು ಇವರನ್ನ ತೂಗಿ ಒಂದು ಪೊಟ್ಟಣ ಕೊಟ್ಟು ಕಳಿಸ್ರೇ," ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಸಾಹೇಬರು ಕೇಳದವರಂತೆ ಒಳಗೆ ಬಂದು, ತಕ್ಕಡಿಯ ಪಕ್ಕಕ್ಕೇ ಕುರ್ಚಿ ಹಾಕಿಸಿಕೊಂಡರು. ಬಡಗಿ ತಂದುಕೊಟ್ಟ ಚಹಾವನ್ನು ಒಂದು ಗುಟುಕು ಕುಡಿದು ಕೆಳಗಿಟ್ಟರು.

ಮೊದಲ ಮಗುವನ್ನು ಅತ್ತೆ ಚಡ್ಡಿಗೆ ಇಳಿಸಿದರು. ಕೈ ತೆಗೆದರು. ಮಗು ಕೋಣೆ ಸೀಳುವಂತೆ ಅತ್ತು ಕೈಕಾಲು ಬಡಿಯಿತು. ಮುಳ್ಳು ಹುಚ್ಚೆದ್ದು ಕುಣಿಯಿತು. ನರ್ಸಮ್ಮ ಸ್ಟೂಲಿನ ಮೇಲಿಂದ, "ಒಂದು ಕಡೆ ನಿಂತ್ರೆ ತಾನೇ ಹೇಳೋದು!" ಎಂದಳು. ಅತ್ತೆಯ ಕೈ ತಾನಾಗಿಯೇ ಮುಂದೆ ಹೋಯಿತು. ಕೈ ಅರ್ಧ ದಾರಿಯಲ್ಲಿ ನಿಂತಿತು, ಹಿಂದಕ್ಕೆ ಹೋಯಿತು. ಅತ್ತೆ ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು, "ಕಟ್ಟೇ," ಎಂದು ಸೊಸೆಗೆ ಹೇಳಿದರು.

"ಏನು ಅತ್ತೆ?"

"ಶಾಲಿನಿಂದ ಕಟ್ಟು. ನನ್ನ ಕೈ ನನ್ನ ಮಾತು ಕೇಳಲ್ಲ."

ಸೊಸೆ ಶಾಲಿನಿಂದ ಅತ್ತೆಯ ಕೈ ಕಟ್ಟಿದಳು. ಅತ್ತೆ ಮಗುವಿನ ಮುಖಕ್ಕೆ ಮುಖ ತಂದು, ಕೆನ್ನೆ ಊದಿಸಿ, ಮೊಟ್ಟೆ ಇಡಲು ಜಾಗ ಸಿಗದ ಕೋಳಿಯ ಹಾಗೆ ಕೊಕ್ಕೊಕ್ಕೊ ಎಂದು ಶುರುಮಾಡಿದರು. ಮಗು ಅಳುವುದನ್ನು ಮರೆತು ಕಣ್ಣರಳಿಸಿತು. ಮುಳ್ಳು ನಿಂತಿತು. ನರ್ಸಮ್ಮ ನೋಡಿ, ನಂಬದೆ ಕನ್ನಡಕ ಒರೆಸಿ ಮತ್ತೆ ನೋಡಿ ಹೇಳಿದಳು. ಜಗಲಿಯಲ್ಲಿ ಹೋ ಎಂದರು.

ಎರಡನೆಯ ಮಗುವೂ ಹಾಗೆಯೇ. ಮೂರನೆಯದೂ. ಅತ್ತೆ ಕೋಳಿಯಾದರು, ಕಪ್ಪೆಯಾದರು, ಕೊನೆಗೆ ಹಳೆಯ ಜೀಪೂ ಆದರು. ತೂಕ ಏರಿದಂತೆಲ್ಲ ಸಾಹೇಬರ ಹುಬ್ಬೂ ಏರಿತು.

"ನಿಲ್ಲಿಸಿ," ಎಂದರು ಅವರು. "ಹೋದ ತಿಂಗಳವರೆಗೆ ಏನೂ ಇಲ್ಲ. ಈ ತಿಂಗಳು ಒಂದೇ ಸಲಕ್ಕೆ ಇಷ್ಟು. ನಾನು ಬರ್ತೀನಿ ಅಂತ ಮಕ್ಕಳ ಹೊಟ್ಟೆಗೆ ನೀರು ತುಂಬ್ಸಿದೀರಾ? ಇಲ್ಲ ತಕ್ಕಡಿಗೆ ಏನಾದ್ರೂ ಮಾಡಿದೀರಾ?"

ಬಾಗಿಲಲ್ಲಿದ್ದ ಉಗ್ರಾಣದವನು ಜೇಬಿನೊಳಗೆ ಬೀಗದ ಕೈ ಹಿಸುಕಿಕೊಂಡ.

ತಕ್ಕಡಿಯಕ್ಕ ಮುಂದೆ ಬಂದಳು. "ಸಾರ್, ಇಷ್ಟು ದಿನ ತೂಕ ತಪ್ಪಾಗಿತ್ತು. ತೂಗುವಾಗ ಮಕ್ಕಳ ಕೆಳಗೆ ಕೈ ಆಸರೆ ಇರ್ತಿತ್ತು. ಅದನ್ನ ನೋಡ್ಬೇಕಾದವಳು ನಾನು. ನೋಡ್ಲಿಲ್ಲ. ತಪ್ಪು ನನ್ನದು."

"ಅವಳದ್ದಲ್ಲ, ನನ್ನದು," ಎಂದರು ಅತ್ತೆ, ಕೈ ಕಟ್ಟಿದ್ದ ಹಾಗೆಯೇ ಎದೆ ಮುಂದೆ ಮಾಡಿ. "ಕೈ ನನ್ನದು. ಮಕ್ಕಳು ಅಳ್ತಾವಲ್ಲ ಅಂತ ಹಿಡ್ಕೊಂಡೆ. ಉಗ್ರಾಣದ ಹಿಟ್ಟು ಒಂದು ಚಿಟಿಕೆ ಕೂಡ ಆಚೆ ಹೋಗಿಲ್ಲ. ಪಾಪ, ಆ ಮನುಷ್ಯನ ಮುಖ ನೋಡಿ."

ಸಾಹೇಬರು ತಲೆ ಕೊಡವಿದರು. "ಇದನ್ನ ನಾನು ನಂಬಬೇಕಾ? ತಕ್ಕಡಿಯಲ್ಲಿರೋ ಮಗು ಕೆಳಗೆ ಯಾರಮ್ಮ ಕೈ ಇಡ್ತಾರೆ? ಅಷ್ಟು ಬುದ್ಧಿ ಇಲ್ಲದೋರು ಇರ್ತಾರಾ? ಮುಂದಿನ ಮಗು ಹಾಕಿ. ನಾನೇ ನೋಡ್ತೀನಿ."

ಅತ್ತೆಯ ಕೈ ಕಟ್ಟಿತ್ತು, ಆದ್ದರಿಂದ ಮುಂದಿನ ಮಗುವನ್ನು ತಾಯಿಯೇ ಇಳಿಸಿದಳು. ಅದು ಪಕ್ಕದ ಮನೆಯ ದುಂಡು ಕೆನ್ನೆಯ ಕೂಸು. ಸಾಹೇಬರು ಎದ್ದು, ಮೂಗು ತಕ್ಕಡಿಗೆ ತಾಗುವಷ್ಟು ಹತ್ತಿರ ನಿಂತರು. ಹೊಸ ಮುಖ, ಉದ್ದ ಮೂಗು ಕಂಡ ಕೂಸು ಒಮ್ಮೆ ಬಿಕ್ಕಿತು. ತುಟಿ ಕೆಳಗೆ ಮಾಡಿತು. ಆಮೇಲೆ ಬೆನ್ನು ಬಿಲ್ಲಿನಂತೆ ಬಾಗಿಸಿ, ಮೈಯೆಲ್ಲ ಒಂದು ಕಡೆ ವಾಲಿಸಿ, ಊರಿಗೇ ಕೇಳುವಂತೆ ಕಿರುಚಿತು.

"ಅಯ್ಯಯ್ಯೋ, ಇಲ್ಲ ಇಲ್ಲ, ಏನಿಲ್ಲ ಮರೀ," ಎಂದರು ಸಾಹೇಬರು.

ಕೂಸು ಸುಮ್ಮನಾಯಿತು. ಮುಳ್ಳು ಜರ್ರನೆ ಕೆಳಗಿಳಿದು ನಿಂತಿತು.

"ಸಾರ್," ಎಂದರು ಅತ್ತೆ, ಸಂತೆಯಲ್ಲಿ ಕೇಳುವ ಅದೇ ದನಿಯಲ್ಲಿ. "ಕೈ!"

ಸಾಹೇಬರು ಕೆಳಗೆ ನೋಡಿದರು. ಕ್ಯಾನ್ವಾಸು ಚಡ್ಡಿಯ ಬುಡದಲ್ಲಿ ಅವರದೇ ಉದ್ದನೆಯ ಬೆರಳುಗಳ ಅಂಗೈ ಆನಿಸಿಕೊಂಡಿತ್ತು. ಅದು ಯಾವಾಗ ಅಲ್ಲಿಗೆ ಹೋಯಿತೆಂದು ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ತೆಗೆಯೋಣವೆಂದರೆ ಕೂಸು ಅವರ ಪೆನ್ನು ಹಿಡಿದುಕೊಂಡು ನಗುತ್ತಿತ್ತು.

ಮೊದಲು ನಕ್ಕವಳು ಸ್ಟೂಲಿನ ಮೇಲಿದ್ದ ನರ್ಸಮ್ಮ. ಆಮೇಲೆ ಜಗಲಿಯಿಡೀ ನಕ್ಕಿತು. ಸಾಹೇಬರ ತುಟಿ ಒಂದು ಮೂಲೆಯಲ್ಲಿ ಅದುರಿತು, ಇನ್ನೊಂದು ಮೂಲೆಯಲ್ಲಿ ಅದುರಿತು, ಕಡೆಗೆ ಅವರ ಕೈಯಲ್ಲೂ ತಡೆದುಕೊಳ್ಳಲು ಆಗಲಿಲ್ಲ. ನಕ್ಕರೆ ಅವರು ಅಷ್ಟೇನೂ ಸಣಕಲಾಗಿ ಕಾಣುತ್ತಿರಲಿಲ್ಲ.

"ಆಯ್ತಮ್ಮ, ನಂಬಿದೆ," ಎಂದು ಅವರು ಕೈ ತೆಗೆದು ಹಿಂದೆ ಕಟ್ಟಿಕೊಂಡರು. "ಕೇಂದ್ರ ಎಲ್ಲಿಗೂ ಹೋಗಲ್ಲ. ಮುಂದುವರಿಸಿ. ಮತ್ತೆ ಆ ಕೋಳಿ ಕೂಗೋದು..."

"ಅದು ನಾನು," ಎಂದರು ಅತ್ತೆ.

"ಬೇರೆ ಊರುಗಳಲ್ಲೂ ಮಕ್ಕಳು ಅಳ್ತವೆ. ಅಲ್ಲಿಗೂ ಹೋಗಿ."

ಉಗ್ರಾಣದವನು ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದು ಸೊಂಟಕ್ಕೆ ಕಟ್ಟಿಕೊಂಡ. ಸಾಹೇಬರನ್ನು ಜೀಪಿನವರೆಗೆ ಕಳಿಸಿ ಬರಲು ಹೋದಾಗ ಜೋಡು ಎತ್ತಿನ ಸದ್ದು ಬೀದಿಯುದ್ದಕ್ಕೂ ಕೇಳಿಸಿತು.

ಈಗ ಜೀಪಿನ ಮುಂದಿನ ಸೀಟು ಅತ್ತೆಯದು. ಯಾವ ಊರಿಗೆ ಹೋದರೂ ಮೊದಲು ಇಳಿಯುವವರು ಅವರು. ತೂಗುವ ಮುಂಚೆ ಎಲ್ಲರಿಗೂ ಹೇಳುವ ಮಾತು ಒಂದೇ: "ಮುಖ ಎಷ್ಟು ಬೇಕಾದ್ರೂ ಹತ್ರ ತನ್ನಿ, ಕೈ ಹಿಂದೆ ಇರಲಿ." ಬಡಗಿಗೆ ಮಧ್ಯಾಹ್ನದ ಅಡುಗೆ ಕಲಿಯದೆ ಬೇರೆ ದಾರಿ ಇಲ್ಲದಂತಾಗಿದೆ. ಹಾಲು ಉಕ್ಕಿಸಿ ಒಲೆ ಆರಿಸುವುದರಲ್ಲಿ ಅವನೂ ಪಳಗಿದ್ದಾನೆ.

ಸಾಹೇಬರು ಬಂದುಹೋದ ಮುಂದಿನ ಸಂತೆಗೆ ಅತ್ತೆ ಸೊಸೆ ಹೋದಾಗ ತರಕಾರಿಯವನು ದೂರದಿಂದಲೇ ಮೀಸೆಯೊಳಗೆ ನಗುತ್ತಿದ್ದ. ಸುದ್ದಿ ಅಲ್ಲಿಗೂ ತಲುಪಿತ್ತು.

"ಬನ್ನಿ ದೊಡ್ಡಮ್ಮಾ, ಬನ್ನಿ. ಮಕ್ಕಳ ತೂಕದಲ್ಲಿ ಯಾರೋ ಮೋಸ ಮಾಡಿದ್ರಂತೆ?"

ತಕ್ಕಡಿಯಕ್ಕ ತುಟಿ ಕಚ್ಚಿಕೊಂಡು ಬದನೆಕಾಯಿ ಆರಿಸುವುದರಲ್ಲಿ ತೊಡಗಿದಳು.

"ಹೌದಪ್ಪ, ನಾನೇ," ಎಂದರು ಅತ್ತೆ. ಅವರ ಕಣ್ಣು ಆಗಲೇ ತಟ್ಟೆಯ ಮೇಲಿತ್ತು. "ನಾನು ಎತ್ತಿ ಹಿಡಿದೆ, ನೀನು ಒತ್ತಿ ಹಿಡೀತೀಯ. ನನ್ನ ಕೈ ತೆಗೆದಾಯ್ತು. ಇನ್ನು ನಿನ್ನದು ತೆಗಿ."